ಹಕ್ಕಿಗೂ ಆಯ ಕೊಟ್ಟ ಅರಳಗುಂಡಗಿಯ ಒಕ್ಕಲುತನ



ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಅಪ್ಪನ ತೇರು ಎಳೆಯುತ್ತಾರೆ. ಜೇವರ್ಗಿ, ಅಫಜಲಪುರ, ಆಳಂದ ತಾಲ್ಲೂಕುಗಳಿಂದ ಜನ ಜಾತ್ರೆಗೆ ಹೋಗುತ್ತಾರೆ. ನಿಮ್ಮಲ್ಲಿಯೂ ಹಲವರು ಬುತ್ತಿ ಕಟ್ಟಿಕೊಂಡು ಹೋಗಿ ಬಂದವರೇ. ಶರಣಬಸವೇಶ್ವರರನ್ನು ನೀವು ದಾಸೋಹಿ ಎಂದು ಬಲ್ಲಿರಿ, ದೇವರೆಂದು ಕೈ ಮುಗಿಯುತ್ತೀರಿ. ಆದರೆ ಅವರು ಮೊದಲು ನಿಮ್ಮಂತೆಯೇ ಎರಿ ಹೊಲ ಉತ್ತು ಜೋಳ ಬೆಳೆದ ಒಕ್ಕಲಿಗರಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಈ ವಾರ ಅವರ ಬಾಳನ್ನು ಹೊಲದ ಕಡೆಯಿಂದ ನೋಡೋಣ. ಅದರಲ್ಲಿ ಇಂದಿನ ತೊಗರಿ ಬೆಳೆಗಾರನಿಗೂ ಬೇಕಾದ ಮಾತಿದೆ.

ಹುಟ್ಟಿದ ಊರು, ಬೆಳೆದ ಕಾಲ

ಕೊಳಕೂರು ಇರುವ ಜೇವರ್ಗಿ ತಾಲ್ಲೂಕಿಗೇ ಅರಳಗುಂಡಗಿ ಹಿಂದೆ ಸೇರಿತ್ತು. ಆ ಊರಿನ ಒಕ್ಕಲು ಮನೆತನವೊಂದರಲ್ಲಿ ಮಲಕಪ್ಪ, ಸಂಗಮ್ಮ ದಂಪತಿಗಳ ಮಗನಾಗಿ ಶರಣಬಸಪ್ಪನವರು 1746ರಲ್ಲಿ ಹುಟ್ಟಿದರು. ಆಗ ನಮ್ಮ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಶರಣರಿಗೆ ಎರಡು ವರ್ಷವಾದಾಗ, 1748ರಲ್ಲಿ, ಮೊದಲನೆಯ ನಿಜಾಮ ತೀರಿಕೊಂಡನು. ಆಮೇಲೆ ಗಾದಿಗಾಗಿ ಕಲಹ ನಡೆಯಿತು. ನಿಜಾಮರಿಗೂ ಮರಾಠರಿಗೂ ಪದೇ ಪದೇ ಯುದ್ಧಗಳಾದವು. ದಂಡು ಹಾದ ಕಡೆ ರೈತನ ಮೇವು ಕಾಳುಗಳಿಗೆ ಉಳಿವಿರಲಿಲ್ಲ. ಬೆಳೆದದ್ದು ಮನೆ ಸೇರುತ್ತದೆ ಎಂಬ ಭರವಸೆಯಿಲ್ಲದ ಕಾಲ ಅದು.

ಮಳೆಯ ಕಥೆಯಂತೂ ನಿಮಗೆ ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟರೆ ಹಿಂಗಾರು, ಹಿಂಗಾರೂ ಕೈಕೊಟ್ಟರೆ ಹಗೇವಿನಲ್ಲಿ ಉಳಿದ ಕಾಳು. ಹಗೇವು ಬರಿದಾದರೆ ಗುಳೆ. ಭೂಮಿ ಎರಿಯಾದ್ದರಿಂದ ಹಿಂಗಾರಿ ಜೋಳಕ್ಕೆ ಆಸರೆ. ಮಳೆಗಾಲದ ನೀರನ್ನು ಹೀರಿ ಹಿಡಿದಿಟ್ಟುಕೊಂಡ ಮಣ್ಣು, ಮಳೆ ನಿಂತ ಮೇಲೆ ಆ ಹಸಿಯ ಮೇಲೆಯೇ ಪೈರನ್ನು ಬೆಳೆಸುತ್ತದೆ. ಶರಣರ ಮನೆತನ ಬದುಕಿದ್ದು ಇಂಥ ಒಕ್ಕಲುತನದ ಮೇಲೆ.

ಅವರ ಗುರುಗಳು ಮರುಳಾರಾಧ್ಯರು. ಕಲಬುರಗಿಯ ಗುಡಿಯ ಗರ್ಭಗೃಹದಲ್ಲಿ ಗುರುಶಿಷ್ಯರ ಮುಖಗಳನ್ನು ಜೋಡಿಯಾಗಿ ಕೆತ್ತಿರುವುದನ್ನು ನೀವು ಕಂಡಿರಬಹುದು. ಮಡದಿ ಮಹಾದೇವಮ್ಮನವರು. ಶರಣರು ಸಂಸಾರ ಮಾಡಿಕೊಂಡು, ಹೊಲಮನೆ ನೋಡಿಕೊಂಡು, ಬಂದವರಿಗೆ ಉಣ್ಣಲಿಕ್ಕಿಕ್ಕಿ ಬಾಳಿದರು. ಕಾಯಕದಿಂದ ಬಂದದ್ದನ್ನು ಹಂಚಿ ಉಣ್ಣಬೇಕೆಂಬ ಬಸವಾದಿ ಶರಣರ ಮಾತನ್ನು ಅವರು ಹೊಲದಲ್ಲಿ ನಡೆಸಿ ತೋರಿಸಿದರು.

ಕವಣಿ ಹಿಡಿಯದ ಕಾವಲುಗಾರ

ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದಲ್ಲಿ ಮಂಚಿಗೆ ಏಳುತ್ತದೆ. ಮಂಚಿಗೆಯ ಮೇಲೆ ನಿಂತು ಕವಣಿ ಬೀಸಿ, ಡಬ್ಬಿ ಬಡಿದು, ಕೂಗು ಹಾಕಿ ಹಕ್ಕಿ ಹಾರಿಸುವುದು ನಮ್ಮ ಕಡೆಯ ಹಳೆಯ ಕೆಲಸ. ಶರಣಬಸಪ್ಪನವರನ್ನೂ ಹೊಲ ಕಾಯಲು ಕಳಿಸಿದರಂತೆ. ಅವರು ಕವಣಿ ಹಿಡಿಯಲಿಲ್ಲ. ಬಂದ ಹಕ್ಕಿಗಳನ್ನು ತೆನೆಯ ಮೇಲೆ ಕೂಡಲು ಬಿಟ್ಟರು. ಕಾಳು ತಿಂದವಕ್ಕೆ ನೀರಡಿಕೆಯಾಗುತ್ತದೆಂದು ನೀರನ್ನೂ ತುಂಬಿಸಿಟ್ಟರು. ಕಂಡವರು ನಕ್ಕರು. ಕಡೆಗೆ ರಾಶಿ ಮಾಡಿದಾಗ ಕಣದಲ್ಲಿ ಕಾಳು ಕಡಿಮೆಯಾಗಿರಲಿಲ್ಲ ಎಂದು ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ.

ಭಕ್ತರು ಇದನ್ನು ಪವಾಡವೆಂದು ನಂಬುತ್ತಾರೆ. ಅದು ಅವರವರ ಭಕ್ತಿಗೆ ಬಿಟ್ಟದ್ದು. ಕೃಷಿ ಕೆಲಸದವನಾದ ನಾನು ಇಲ್ಲಿ ಬೇರೊಂದು ವಿಷಯವನ್ನು ನಿಮ್ಮ ಮುಂದೆ ಇಡಬಯಸುತ್ತೇನೆ.

ಹಿಂದೆ ರಾಶಿಯ ದಿನ ಕಣಕ್ಕೆ ಯಾರು ಯಾರು ಬರುತ್ತಿದ್ದರು, ನೆನೆಸಿಕೊಳ್ಳಿ. ಬಡಿಗ, ಕಂಬಾರ, ಕುಂಬಾರ, ಅಗಸ, ಹಡಪದ, ತಳವಾರ ಎಲ್ಲರೂ ಬಂದು ತಮ್ಮ ತಮ್ಮ ಆಯ ಅಳೆಸಿಕೊಂಡು ಹೋಗುತ್ತಿದ್ದರು. ರೈತ ಅದನ್ನು ನಷ್ಟವೆಂದು ಎಣಿಸುತ್ತಿರಲಿಲ್ಲ. ವರ್ಷವಿಡೀ ಅವರು ಮಾಡಿದ ಕೆಲಸದ ಕೂಲಿ ಅದು. ಕೂರಿಗೆ ಮಾಡಿಕೊಟ್ಟ ಬಡಿಗನಿಗೆ ಕೊಟ್ಟ ಕಾಳು ಕಳೆದುಹೋದ ಕಾಳಲ್ಲ. ಶರಣರು ಈ ಆಯಗಾರರ ಸಾಲಿನಲ್ಲಿ ಹಕ್ಕಿಯನ್ನೂ ಕೂಡಿಸಿದರು. ಅವರ ಮನಸ್ಸಿನಲ್ಲಿದ್ದದ್ದು ದಯೆ, ಲೆಕ್ಕವಲ್ಲ. ಆದರೂ ಲೆಕ್ಕ ಹಾಕಿ ನೋಡಿದರೆ ಆ ದಯೆ ಅಷ್ಟೇನೂ ನಷ್ಟದ್ದಲ್ಲ ಎಂಬುದು ಗೊತ್ತಾಗುತ್ತದೆ.

ಹಕ್ಕಿ ಮಾಡುವ ಕೆಲಸ

ಜನವರಿಯಲ್ಲಿ ನಿಮ್ಮ ತೆನೆ ಕುಟುಕುವ ಗುಬ್ಬಿಯನ್ನೂ ಗೀಜಗವನ್ನೂ ನೋಡಿರಿ. ಇವು ಕಾಳು ತಿನ್ನುವ ಹಕ್ಕಿಗಳು ನಿಜ. ಆದರೆ ಮರಿಗಳಿಗೆ ಇವು ಬರೀ ಕಾಳು ಉಣಿಸುವುದಿಲ್ಲ. ಕಣ್ಣು ತೆರೆಯದ ಮರಿಗೆ ಗಟ್ಟಿ ಕಾಳು ಅರಗದು. ಆದ್ದರಿಂದ ತಾಯಿ ತಂದೆ ಹಕ್ಕಿಗಳು ದಿನವಿಡೀ ಮೆತ್ತನೆಯ ಹುಳುಗಳನ್ನು ಹುಡುಕಿ ತಂದು ಬಾಯಿಗಿಡುತ್ತವೆ. ಗೀಜಗ ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ. ಪೈರು ಎಳೆಯದಿರುವಾಗ, ಕೀಡೆ ಏಳುವ ಕಾಲದಲ್ಲಿಯೇ, ಅದು ನಿಮ್ಮ ಹೊಲದಲ್ಲಿ ಕೆಲಸಕ್ಕಿರುತ್ತದೆ. ಅಂದರೆ ಕೂಲಿ ಪಡೆಯುವುದು ಚಳಿಗಾಲದಲ್ಲಿ, ಕೆಲಸ ಮಾಡುವುದು ಮಳೆಗಾಲದಲ್ಲಿ. ಕೂಲಿ ಕಣ್ಣಿಗೆ ಬೀಳುತ್ತದೆ, ಕೆಲಸ ಬೀಳುವುದಿಲ್ಲ. ಆದ್ದರಿಂದಲೇ ಹಕ್ಕಿ ನಮಗೆ ಕಳ್ಳನಂತೆ ಕಾಣುತ್ತದೆ.

ಇನ್ನು ಕೆಲವು ಹಕ್ಕಿಗಳು ಕೂಲಿಯನ್ನೇ ಕೇಳುವುದಿಲ್ಲ. ಸೀಳು ಬಾಲದ ಕರಿ ಹಕ್ಕಿ ಕಾಜಾಣ, ತಂತಿಯ ಮೇಲೆ ಕೂಡುವ ನೀಲಕಂಠ, ನೇಗಿಲ ಹಿಂದೆ ಸಾಲು ಹಿಡಿದು ಬರುವ ಬೆಳ್ಳಕ್ಕಿ, ಇವು ಬದುಕುವುದು ಹುಳ ಹುಪ್ಪಡಿಯ ಮೇಲೆ. ರಾತ್ರಿ ಹಾರುವ ಗೂಗೆ ಹಗೇವಿನ ಶತ್ರುವಾದ ಇಲಿಯನ್ನು ಹಿಡಿಯುತ್ತದೆ. ಗೂಗೆಯನ್ನು ಅಪಶಕುನವೆಂದು ಕಲ್ಲು ಹೊಡೆದು ಓಡಿಸುವವರು ಇಲಿಗೆ ಉಪಕಾರ ಮಾಡುತ್ತಿದ್ದಾರೆ.

ಹಿಂಡು ಹಿಂಡಾಗಿ ಬಂದು ಜೋಳದ ಹೊಲದಲ್ಲಿ ಇಳಿಯುವ ಗುಲಾಬಿ ಕಬ್ಬಕ್ಕಿಯನ್ನು ನೀವೆಲ್ಲ ಬಲ್ಲಿರಿ. ತಲೆ ರೆಕ್ಕೆ ಕಪ್ಪು, ಬೆನ್ನು ಹೊಟ್ಟೆ ತಿಳಿಗೆಂಪು. ಇದು ನಮ್ಮ ದೇಶದಲ್ಲಿ ಗೂಡು ಕಟ್ಟುವುದಿಲ್ಲ. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬಂದು, ಬೇಸಿಗೆಗೆ ಹಿಂದಿರುಗುತ್ತದೆ. ತನ್ನ ತವರಿನಲ್ಲಿ ಅದು ತಿನ್ನುವುದು ಮಿಡತೆ. ಚೀನಾ ದೇಶದ ಸಿಂಕಿಯಾಂಗ್ ಪ್ರಾಂತದಲ್ಲಿ ಮಿಡತೆಯ ಕಾಟ ತಡೆಯಲು ಈ ಹಕ್ಕಿಗೆಂದೇ ಗೂಡು ಕಟ್ಟಲು ಕಲ್ಲಿನ ರಾಶಿ, ಗೋಡೆಗಳನ್ನು ಮಾಡಿಕೊಟ್ಟಿದ್ದಾರೆ.

ಅದೇ ಚೀನಾದಲ್ಲಿ ಹಿಂದೊಮ್ಮೆ ನಡೆದದ್ದು ಬೇರೆ. 1958ರಲ್ಲಿ ಅಲ್ಲಿನ ಸರಕಾರ ಇಲಿ, ನೊಣ, ಸೊಳ್ಳೆಗಳ ಜೊತೆಗೆ ಗುಬ್ಬಿಯನ್ನೂ ಪೀಡೆಯೆಂದು ಸಾರಿತು. ಊರಿಗೆ ಊರೇ ತಮಟೆ ತಟ್ಟೆ ಬಡಿದು, ಗುಬ್ಬಿಗಳು ಎಲ್ಲಿಯೂ ಕೂಡದಂತೆ ಮಾಡಿ, ದಣಿದು ಬೀಳುವಂತೆ ಮಾಡಿದರು. ಕಾಳು ಉಳಿಯುತ್ತದೆ ಎಂದು ಎಣಿಸಿದ್ದರು. ಆದರೆ ಗುಬ್ಬಿ ಹೋದ ಮೇಲೆ ಕೀಡೆಗಳ ಹಾವಳಿ ಹೆಚ್ಚಿತು. 1960ರಲ್ಲಿ ಗುಬ್ಬಿಯನ್ನು ಪೀಡೆಗಳ ಪಟ್ಟಿಯಿಂದ ತೆಗೆಯಬೇಕಾಯಿತು. ಆ ವರ್ಷಗಳಲ್ಲಿ ಅಲ್ಲಿ ಬಿದ್ದ ಘೋರ ಕ್ಷಾಮಕ್ಕೆ ಬೇರೆ ದೊಡ್ಡ ಕಾರಣಗಳೂ ಇದ್ದವು. ಗುಬ್ಬಿಯ ನಾಶ ಆ ಕಷ್ಟಕ್ಕೆ ಇನ್ನಷ್ಟು ಸೇರಿಸಿತು.

ಬರದ ಕಾಲದ ದಾಸೋಹ

ಶರಣರ ಬಾಳಿಗೆ ಮರಳೋಣ. ಅವರ ನಡುವಯಸ್ಸಿನಲ್ಲಿ, 1790ರ ಆಚೀಚೆ, ದಖ್ಖನದಲ್ಲಿ ಮಹಾ ಬರ ಬಿತ್ತು. ಚರಿತ್ರೆಯಲ್ಲಿ ಅದಕ್ಕೆ ಡೋಗಿ ಬರವೆಂದು ಹೆಸರು. ಡೋಗಿಯೆಂದರೆ ತಲೆಬುರುಡೆ. ಸತ್ತವರನ್ನು ಹೂಳುವವರೂ ಇಲ್ಲದೆ ಬಯಲಲ್ಲಿ ಬುರುಡೆಗಳು ಬಿದ್ದಿದ್ದವು. ಹೈದರಾಬಾದ ಸೀಮೆ, ದಕ್ಷಿಣ ಮರಾಠಾ ಸೀಮೆ ಎರಡೂ ಆ ಬರಕ್ಕೆ ಸಿಕ್ಕಿದ್ದವು. ಅಂಥ ದಿನಗಳನ್ನು ಕಂಡ ತಲೆಮಾರಿನವರು ಶರಣರು. ಹಸಿದು ಬಂದವರಿಗೆ ಜಾತಿ ಕುಲ ಕೇಳದೆ ಅನ್ನವಿಕ್ಕುವ ದಾಸೋಹವನ್ನು ಅವರು ಅರಳಗುಂಡಗಿಯಲ್ಲಿ ನಡೆಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಂಚುವುದು ಸುಗ್ಗಿಯ ಕಾಲದಲ್ಲಿ ಕಷ್ಟವಲ್ಲ. ಮನೆಯಲ್ಲಿ ಕಾಳು ತುಂಬಿದವನು ನಾಲ್ಕು ಹಿಡಿ ಚೆಲ್ಲಿದರೆ ಅದು ದೊಡ್ಡದಲ್ಲ. ಮುಂದಿನ ಮಳೆ ಬರುತ್ತದೋ ಇಲ್ಲವೋ ತಿಳಿಯದ ನಾಡಿನಲ್ಲಿ, ಕಣ್ಣೆದುರು ಹಗೇವು ಇಳಿಯುತ್ತಿರುವಾಗ, ಬಂದವನಿಗೂ ಹಕ್ಕಿಗೂ ಪಾಲು ತೆಗೆದಿಡುವುದು ದೊಡ್ಡದು. ಬೆಳೆ ಎಂಬುದು ತನ್ನೊಬ್ಬನ ದುಡಿಮೆಯಿಂದ ಬಂದದ್ದಲ್ಲ, ಮಣ್ಣು, ಮಳೆ, ಎತ್ತು, ಆಳು, ಹುಳ ತಿನ್ನುವ ಹಕ್ಕಿ ಎಲ್ಲವೂ ಸೇರಿ ಬೆಳೆದದ್ದು ಎಂಬ ತಿಳಿವಳಿಕೆ ಇದ್ದವರಿಗೆ ಮಾತ್ರ ಇದು ಸಾಧ್ಯ.

ಮುಂದೆ ಶರಣರು ಮನೆ ಹೊಲಗಳ ಹಂಗು ಬಿಟ್ಟು ಅರಳಗುಂಡಗಿಯಿಂದ ಹೊರಟರು. ಕಡೆಗೆ ಕಲಬುರಗಿಗೆ ಬಂದು ನೆಲೆಸಿದರು. ಅಲ್ಲಿಯೂ ದಾಸೋಹ ನಿಲ್ಲಲಿಲ್ಲ. 1822ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಅಲ್ಲಿಯೇ ಲಿಂಗೈಕ್ಯರಾದರು. ಅವರ ಸಮಾಧಿಯ ಮೇಲೆ ಗುಡಿ ಎದ್ದಿತು. ಶಿಷ್ಯರಾದ ಆದಿ ದೊಡ್ಡಪ್ಪ ಅಪ್ಪನವರಿಂದ ದಾಸೋಹ ಪೀಠ ಮುಂದುವರಿಯಿತು. ತೇರಿನ ದಿನ ಪೀಠದವರು ಎತ್ತಿ ತೋರಿಸುವ ಪರುಷ ಬಟ್ಟಲು ಆ ದಾಸೋಹದ ಗುರುತು. ಗುಡಿಯ ಬದಿಯ ಕೆರೆಗೆ ಇಂದಿಗೂ ಜನ ಅಪ್ಪನ ಕೆರೆ ಎಂದೇ ಹೇಳುತ್ತಾರೆ.

ಅಂದಿಗೂ ಇಂದಿಗೂ ಆದ ಅಂತರ

ಈಗ ನಿಮ್ಮಲ್ಲಿ ಒಬ್ಬರು ಕೇಳಬಹುದು: ಶರಣರಿಗೆ ನಡೆದದ್ದು ನಮಗೆ ನಡೆಯುತ್ತದೆಯೇ? ಎರಡು ಎಕರೆ ಜೋಳ ಬಿತ್ತಿ ಹಕ್ಕಿಗೆ ಬಿಟ್ಟರೆ ಕಣಿಕೆ ಮಾತ್ರ ಉಳಿಯುವುದಿಲ್ಲವೇ? ಈ ಪ್ರಶ್ನೆ ಸರಿಯಾದದ್ದು. ಹಾಲುಗಾಳಿನ ಹೊತ್ತಿನಲ್ಲಿ ಕಾವಲಿಲ್ಲದ ಒಂಟಿ ಹೊಲಕ್ಕೆ ಹಕ್ಕಿಯಿಂದ ಭಾರೀ ಹಾನಿಯಾಗುತ್ತದೆ. ಅದನ್ನು ಮುಚ್ಚಿಟ್ಟು ಹಕ್ಕಿಯನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ.

ಆದರೆ ಒಂಟಿ ಹೊಲ ಎಂಬ ಮಾತಿನಲ್ಲಿಯೇ ಕಾರಣ ಅಡಗಿದೆ. ಶರಣರ ಕಾಲದಲ್ಲಿ ಹಿಂಗಾರಿಗೆ ಊರ ಸುತ್ತ ಕಣ್ಣು ಹಾಯುವವರೆಗೆ ಜೋಳವಿರುತ್ತಿತ್ತು. ಹಕ್ಕಿಯ ಹಿಂಡು ಎಷ್ಟೇ ದೊಡ್ಡದಿರಲಿ, ಅದರ ಹೊಟ್ಟೆಗೆ ಒಂದು ಮಿತಿಯಿದೆ. ನೂರಾರು ಹೊಲಗಳಿಗೆ ಹಂಚಿಹೋದರೆ ಒಬ್ಬೊಬ್ಬರ ಪಾಲಿಗೆ ಬರುವುದು ಹಿಡಿ ಕಾಳು. ಇಂದು ಊರ ತುಂಬ ತೊಗರಿ, ಹತ್ತಿ, ನೀರಿದ್ದಲ್ಲಿ ಕಬ್ಬು. ಮನೆಯ ರೊಟ್ಟಿಗೆಂದು ಅಲ್ಲೊಬ್ಬರು ಇಲ್ಲೊಬ್ಬರು ಜೋಳ ಬಿತ್ತುತ್ತಾರೆ. ಸೀಮೆಯ ಹಕ್ಕಿಯೆಲ್ಲ ಆ ಒಂದು ಹೊಲಕ್ಕೆ ಇಳಿಯುತ್ತದೆ. ಊರೆಲ್ಲ ಕೂಡಿ ಕೊಡಬೇಕಾದ ಆಯವನ್ನು ಒಬ್ಬನೇ ಕೊಡಬೇಕಾಗುತ್ತದೆ. ಅದಕ್ಕೆ ಬೇಸತ್ತು ಅವನೂ ಜೋಳ ಬಿಡುತ್ತಾನೆ. ಹಕ್ಕಿ ಹೆಚ್ಚಿದ್ದರಿಂದ ಹಾನಿ ಹೆಚ್ಚಾಗಿಲ್ಲ, ಜೋಳ ಕಡಿಮೆಯಾದ್ದರಿಂದ ಹೆಚ್ಚಾಗಿದೆ.

ಎರಡನೆಯ ಅಂತರ ವಿಷದ್ದು. ನಮ್ಮ ತೊಗರಿಗೆ ಕಾಯಿಕೊರಕ ಹುಳು ದೊಡ್ಡ ಶತ್ರು. 1990ರ ದಶಕದ ಕೊನೆಯಲ್ಲಿ ಅದು ಕಲಬುರಗಿ ಸೀಮೆಯ ತೊಗರಿಯನ್ನು ಮುತ್ತಿದ ಹಂಗಾಮನ್ನು ಹಿರಿಯರು ಮರೆತಿಲ್ಲ. ಎಷ್ಟು ಎಣ್ಣೆ ಹೊಡೆದರೂ ಹುಳು ಸಾಯಲಿಲ್ಲ. ಒಂದೇ ಬಗೆಯ ವಿಷವನ್ನು ಮತ್ತೆ ಮತ್ತೆ ಹೊಡೆದಾಗ ಹುಳು ಅದನ್ನು ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಳ್ಳುತ್ತದೆ. ಹಕ್ಕಿಗೆ ಆ ಶಕ್ತಿ ಅಷ್ಟು ಬೇಗ ಬರುವುದಿಲ್ಲ. ಏಕೆಂದರೆ ಹುಳುವಿಗೆ ವರ್ಷಕ್ಕೆ ಹಲವು ತಲೆಮಾರು, ಹಕ್ಕಿಗೆ ಒಂದೆರಡು ಸಂಸಾರ ಮಾತ್ರ. ಹೀಗೆ ಹೊಡೆದ ವಿಷ ಶತ್ರುವನ್ನು ಉಳಿಸಿ ಮಿತ್ರನನ್ನು ಕೊಲ್ಲುತ್ತದೆ.

ಮೊನೊಕ್ರೊಟೊಫಾಸ್ ನಮ್ಮ ರೈತರು ಬಹಳ ವರ್ಷ ಬಳಸಿದ ಔಷಧ. ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ 1995–96ರಲ್ಲಿ ಮಿಡತೆಗೆಂದು ಇದನ್ನು ಹೊಡೆದ ಹೊಲಗಳಲ್ಲಿ, ಆ ಮಿಡತೆಯನ್ನು ತಿನ್ನಲು ಬಂದ ಸಾವಿರಾರು ಗಿಡುಗಗಳು ಸತ್ತುಬಿದ್ದವು. ಅವು ರೈತನ ಕೆಲಸವನ್ನೇ ಮಾಡಲು ಬಂದಿದ್ದವು. ನಮ್ಮ ದೇಶದಲ್ಲಿ 2005ರಲ್ಲಿ ಕಾಯಿಪಲ್ಲೆ ಬೆಳೆಗಳಿಗೆ ಈ ಔಷಧ ಹೊಡೆಯುವುದನ್ನು ನಿಷೇಧಿಸಲಾಯಿತು. 2023ರಲ್ಲಿ ಇದರ ಶೇ. 36ರ ದ್ರಾವಣದ ಮೇಲೂ ನಿಷೇಧದ ಆದೇಶ ಬಂತು. ಹಳೆಯ ಡಬ್ಬಿ ಮನೆಯಲ್ಲಿದ್ದರೆ ಬಳಸಬೇಡಿರಿ. ವಿಷ ಹಚ್ಚಿದ ಕಾಳನ್ನು ಬಯಲಿಗೆ ಚೆಲ್ಲುವುದಂತೂ ಮಹಾಪಾಪ. ನವಿಲು, ಕೋಳಿ, ಕೂಸು ಯಾವುದು ಅದನ್ನು ಆರಿಸಿ ತಿನ್ನುವುದೋ ಹೇಳಲಾಗದು.

ಹೊಲದಲ್ಲಿ ನೀವು ಮಾಡಬಹುದಾದದ್ದು

ಶರಣರಂತೆ ಹೊಲವನ್ನೆಲ್ಲ ಬಿಟ್ಟುಕೊಡಿರೆಂದು ನಾನು ಹೇಳುವುದಿಲ್ಲ. ಸಾಲ ಮಾಡಿ ಬಿತ್ತಿದವನಿಗೆ ಆ ಮಾತು ಹೇಳುವ ಅಧಿಕಾರ ನನಗಿಲ್ಲ. ಆದರೆ ಅವರ ನಡೆಯನ್ನು ಇಂದಿನ ಒಕ್ಕಲುತನಕ್ಕೆ ಹೊಂದಿಸಿಕೊಳ್ಳುವ ದಾರಿಗಳಿವೆ.

ಮೊದಲನೆಯದಾಗಿ, ತೊಗರಿ ಬಿತ್ತುವಾಗ ಎಕರೆಗೆ 100 ಗ್ರಾಂನಷ್ಟು ಜೋಳದ ಬೀಜ ಬೆರೆಸಿರಿ. ತೊಗರಿಯ ನಡುವೆ ಅಲ್ಲಲ್ಲಿ ಎದ್ದು ನಿಂತ ಜೋಳದ ತೆನೆಗೆ ಹಕ್ಕಿ ಬರುತ್ತದೆ. ಬಂದ ಹಕ್ಕಿ ಪಕ್ಕದ ತೊಗರಿಯ ಮೇಲಿನ ಹುಳುವನ್ನೂ ಆರಿಸುತ್ತದೆ. ಇದು ಕೃಷಿ ತಜ್ಞರೇ ಮಾಡಿರುವ ಶಿಫಾರಸು. ಆಯ ಕೊಟ್ಟು ಕೆಲಸ ತೆಗೆದುಕೊಳ್ಳುವ ರೀತಿಯೂ ಇದೇ.

ಎರಡನೆಯದಾಗಿ, ತೊಗರಿ ಹೂ ಕಟ್ಟುವ ಮೊದಲೇ ಹೊಲದಲ್ಲಿ ಎಕರೆಗೆ ಹತ್ತರಂತೆ ಕವಲು ಕೋಲು ನೆಡಿರಿ. ಕೋಲು ಬೆಳೆಗಿಂತ ಒಂದೆರಡು ಮೊಳ ಎತ್ತರವಿರಲಿ. ಕಾಜಾಣ, ಗೊರವಂಕ, ನೀಲಕಂಠಗಳು ಅಲ್ಲಿ ಕುಳಿತು ಹುಳ ನೋಡಿ ಎರಗುತ್ತವೆ. ಕಾಯಿ ಬಲಿತು ಕಾಳು ಗಟ್ಟಿಯಾಗುತ್ತ ಬಂದಾಗ ಕೋಲು ತೆಗೆದುಹಾಕಿರಿ.

ಮೂರನೆಯದಾಗಿ, ಹುಳು ಕಂಡ ಕೂಡಲೇ ವಿಷಕ್ಕೆ ಓಡಬೇಡಿರಿ. ಮೊಟ್ಟೆ, ಮರಿಹುಳು ಇರುವಾಗ ಶೇ. 5ರ ಬೇವಿನ ಬೀಜದ ಕಷಾಯ ಹೊಡೆಯಿರಿ. ಹುಳು ದೊಡ್ಡದಾಗಿದ್ದರೆ ಸಾಲಿನ ನಡುವೆ ಚಾದರ ಹಿಡಿದು ಗಿಡ ಅಲುಗಾಡಿಸಿ ಬೀಳಿಸಿರಿ. ನಮ್ಮ ಸೀಮೆಯ ರೈತರು ಮಾಡಿ ಗೆದ್ದ ಉಪಾಯವಿದು. ಬಿದ್ದ ಹುಳುವನ್ನು ಕೋಳಿಗೆ ಹಾಕಬಹುದು. ವಿಷ ಹೊಡೆಯಲೇಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಹೇಳಿದಷ್ಟೇ ಹೊಡೆಯಿರಿ.

ನಾಲ್ಕನೆಯದು ಊರವರೆಲ್ಲ ಕೂಡಿ ಮಾಡಬೇಕಾದದ್ದು. ಜೋಳ ಬಿತ್ತುವವರು ಅಕ್ಕಪಕ್ಕದ ಹೊಲಗಳಲ್ಲಿ, ಒಂದೇ ವಾರದಲ್ಲಿ, ಒಂದೇ ಅವಧಿಯ ತಳಿ ಬಿತ್ತಿರಿ. ಎಲ್ಲರ ತೆನೆಯೂ ಒಟ್ಟಿಗೆ ಹಾಲುಗಾಳು ಕಟ್ಟಿದರೆ ಹಕ್ಕಿಯ ಭಾರ ಹಂಚಿಹೋಗುತ್ತದೆ. ಕಾವಲನ್ನೂ ಸರದಿಯಂತೆ ಹಂಚಿಕೊಳ್ಳಬಹುದು. ಎಲ್ಲರಿಗಿಂತ ಮೊದಲು ತೆನೆ ತೆಗೆದ ಹೊಲ, ಎಲ್ಲರಿಗಿಂತ ಹಿಂದುಳಿದ ಹೊಲ, ಇವೆರಡಕ್ಕೇ ಹಾನಿ ಹೆಚ್ಚು. ಹಾಲುಗಾಳಿನ ಎರಡು ಮೂರು ವಾರ ಕೂಗು ಹಾಕಿ, ಹೊಳೆಯುವ ಪಟ್ಟಿ ಕಟ್ಟಿ ಹಕ್ಕಿ ಹಾರಿಸಿರಿ. ಹಾರಿಸುವುದು ಬೇರೆ, ಕೊಲ್ಲುವುದು ಬೇರೆ.

ಐದನೆಯದು ನೀರು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಕ್ಕಿಗೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಮೈಯ ನೀರನ್ನೇ ಆವಿ ಮಾಡಿ ತಂಪಾಗಬೇಕು. ಕುಡಿಯಲು ನೀರು ಸಿಗದಿದ್ದರೆ ಸಾಯಲೂಬಹುದು. ಬಾವಿಯ ಹತ್ತಿರದ ಗಿಡದ ನೆರಳಲ್ಲಿ ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ಪಾತ್ರೆ ಇಡಿರಿ. ಕಾಲೂರಲು ನಡುವೆ ಒಂದು ಕಲ್ಲಿರಲಿ. ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬಿರಿ. ದನದ ಬಾನಿಯಲ್ಲಿ ಒಂದು ಕಟ್ಟಿಗೆ ತೇಲಿಬಿಟ್ಟರೆ ಒಳಗೆ ಬಿದ್ದ ಗುಬ್ಬಿ ಹತ್ತಿ ಬರಬಲ್ಲದು. ಬದುವಿನ ಬೇವು, ಬನ್ನಿ, ಜಾಲಿಗಳನ್ನು ನೆರಳು ಬೀಳುತ್ತದೆಂದು ಬುಡಸಹಿತ ಕಡಿಯಬೇಡಿರಿ. ಗೂಡಿಗೆ ಅವೇ ಆಸರೆ.

ಇದರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. 100 ಗ್ರಾಂ ಜೋಳ, ಹತ್ತು ಕೋಲು, ಒಂದು ಮಣ್ಣಿನ ಪಾತ್ರೆ ಯಾವ ಮನೆಯಲ್ಲಿಯೂ ಸಿಗುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ವಿಷದ ಅಂಶವಿಲ್ಲದ ಬೇಳೆಯೆಂದು ಹೆಸರು ಬಂದರೆ ಆ ಮಾನ್ಯತೆಗೆ ಇನ್ನೂ ಬೆಲೆ ಬರುತ್ತದೆ.

ಶರಣಬಸವೇಶ್ವರರು ಬರೆದಿಟ್ಟ ಕೃಷಿ ಗ್ರಂಥವಿಲ್ಲ. ಅವರು ಬಿಟ್ಟುಹೋದದ್ದು ಒಂದು ನಡೆ. ತಾನು ಬೆಳೆದದ್ದರಲ್ಲಿ ಪರರಿಗೂ ಪಾಲಿದೆ ಎಂದು ತಿಳಿದು, ಆ ಪಾಲನ್ನು ಮೊದಲೇ ತೆಗೆದಿಟ್ಟವರು ಅವರು. ಮುಂದಿನ ಹಂಗಾಮಿಗೆ ತೊಗರಿಯ ಬೀಜ ತೆಗೆಯುವಾಗ ಪಕ್ಕದಲ್ಲಿ ಎರಡು ಹಿಡಿ ಜೋಳವನ್ನೂ ತೆಗೆದಿಡಿರಿ. ಈ ಪುಟವನ್ನು ಓದಲು ಬಾರದವರಿಗೆ ವಾಚನಾಲಯದಲ್ಲಿ ಒಮ್ಮೆ ಓದಿ ಹೇಳಿರಿ.